ಮಂಚದ ಜಾಗಕ್ಕೆ ಬಂದ ಮಷೀನು

ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಭಾಲ್ಕಿಯಿಂದ ಬೆಳಗಿನ ಬಸ್ಸಿಗೆ ಬಂದ ದೊರ್ಕಾ ಬೀದರಿನ ನೌಬಾದದ ತನ್ನ ಮನೆ ಮುಟ್ಟಿದಾಗ ಅವಳ ಮಂಚ ಅಂಗಳದಲ್ಲಿತ್ತು. ಕಾಲು ಮುಂದೆ ಚಾಚಿಸಿ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಮೇಲಿನ ಪಟ್ಟಿಯ ಮೇಲೆ ಪಕ್ಕದ ಮನೆಯ ಕೋಳಿ ಕೂತಿತ್ತು. ಗಾದಿ ಸುರುಳಿಯಾಗಿ ಬಚ್ಚಲಿನ ಬಾಗಿಲ ಹತ್ತಿರ ಬಿದ್ದಿತ್ತು.

ದೊರ್ಕಾ ಕೋಳಿಯನ್ನು ಓಡಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದಳು.

ಮುಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ, ಇಷ್ಟು ವರ್ಷ ಅವಳು ಹಗಲು ಹೊತ್ತು ಮಲಗುತ್ತಿದ್ದ ಜಾಗದಲ್ಲಿ ಆಳೆತ್ತರದ ಕಟ್ಟಿಗೆಯ ಪೆಟ್ಟಿಗೆಯೊಂದು ನಿಂತಿತ್ತು. ಎದೆಯ ಮಟ್ಟಕ್ಕೆ ಹಳೆ ಟಿವಿಯಂಥ ಗಾಜು, ಅದರ ಕೆಳಗೆ ಎರಡು ಕೆಂಪು ಹಿಡಿಕೆ, ಸಾಲು ಗುಂಡಿಗಳು, ಹೊಟ್ಟೆಯಲ್ಲಿ ನಾಣ್ಯ ಹಾಕುವ ಸೀಳು. ಅವಳ ಗಂಡ ರಿಚರ್ಡ ಅದರ ಮುಂದೆ ಸ್ಟೂಲಿನ ಮೇಲೆ ಕೂತು ಹರಿದ ಬನಿಯನ್ನಿನಿಂದ ಗಾಜು ಒರೆಸುತ್ತಿದ್ದ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಕೆಲಸದಿಂದ ಹೋದ ವರ್ಷ ನಿವೃತ್ತನಾದವನು, ಈಗ ಹತ್ತು ವರ್ಷದ ಹುಡುಗನ ಹಾಗೆ ನಗುತ್ತಿದ್ದ.

"ಬಂದಿ ಏನು? ನೋಡು, ಯಾರು ಬಂದಾರ ನೋಡು! ಮುಜೀಬನ ಪಾರ್ಲರಿನ ವಿಡಿಯೋ ಗೇಮ ಮಷೀನ. ಔರಾದದಿಂದ ತರಿಸೀನಿ. ಇನ್ನಾ ಜೀವ ಅದ ಇದರಾಗ."

"ನನ್ನ ಮಂಚ?"

"ಅಂಗಳದಾಗ ಅದಲ್ಲ."

"ನೋಡಿದೆ. ಕೋಳಿ ಕುಂತದ."

"ನಾಕ ದಿನ ಅವ್ವನ ಖೋಲಿದಾಗ ಮಲಕೋ. ಆಮ್ಯಾಲ ಜಾಗಾ ಮಾಡಿದ್ರಾಯ್ತು."

ಹಿಂದಿನ ಕೋಣೆಯಿಂದ ರಿಚರ್ಡನ ತಾಯಿ ಪ್ರಿಸಿಲ್ಲಾ ಕೂಗಿದಳು. "ನನ್ನ ಖೋಲಿದಾಗೇನು ಮಲಗ್ತಾಳ? ನಾ ಕೆಮ್ಮೋದಕ್ಕ ನನಗೇ ನಿದ್ದಿ ಹತ್ತಲ್ಲ, ಅಕಿಗೆ ಹ್ಯಾಂಗ ಹತ್ತಬೇಕೋ?"

ದೊರ್ಕಾ ಕೈಕಾಲು ತೊಳೆದಳು. ಅಡುಗೆಮನೆಗೆ ಹೋಗಿ ರೊಟ್ಟಿ ಬಡಿದಳು. ಬೇಳೆಗೆ ಉಳ್ಳಾಗಡ್ಡಿ ಒಗ್ಗರಣೆ ಕೊಟ್ಟಳು. ಅತ್ತೆಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಟ್ಟಳು. ಮಾಳಿಗೆಯ ಮೇಲೆ ಮಲಗಿದ್ದ ಮಗ ನೋಹನನ್ನು ಎಬ್ಬಿಸಿದಳು. ಆಮೇಲೆ ಮಲಗಬೇಕಾಗಿದ್ದವಳು ಮಲಗಲಿಲ್ಲ. ಡ್ಯೂಟಿಯ ಬಿಳಿ ಕೋಟುಗಳನ್ನು ಒಗೆದು ಒಣಗಿಸಿ, ಸೀರೆ, ಬಾಚಣಿಗೆ, ಬೈಬಲ್ಲು, ತಟ್ಟೆ, ಲೋಟ ಒಂದು ಚೀಲಕ್ಕೆ ತುಂಬಿದಳು.

"ಇಷ್ಟ ದೊಡ್ಡ ಚೀಲ ಯಾಕವ್ವಾ?" ನೋಹ ಕೇಳಿದ.

"ಸಣ್ಣ ಚೀಲದ ಕಿವಿ ಹರದದ."

ಸಂಜೆಯ ಬಸ್ಸಿಗೆ ಹೋದಳು. ಮರುದಿನ ಬೆಳಗಿನ ಬಸ್ಸು ಬಂತು, ಹೋಯಿತು. ದೊರ್ಕಾ ಇಳಿಯಲಿಲ್ಲ. ಫೋನು ಮಾಡಿದರೆ, "ವಹೀದಾನ ಮನಿ ಮ್ಯಾಲ ಒಂದು ಖೋಲಿ ಅದ. ಇಲ್ಲೇ ಮಲಗೀನಿ," ಎಂದಷ್ಟೇ ಹೇಳಿ ಇಟ್ಟಳು.

ಆ ಮುಂದಿನ ಕೋಣೆಯಲ್ಲಿ ದೊರ್ಕಾಳ ಮಂಚಕ್ಕಿಂತ ಮೊದಲಿನಿಂದ ಇದ್ದದ್ದು ರಿಚರ್ಡನ ಹಾಡಿನ ಪೆಟ್ಟಿಗೆಗಳು. ರಿಚರ್ಡನ ಅಪ್ಪ ಅಮೆರಿಕದ ಮಿಷನ್ ಡಾಕ್ಟರ ಬಂಗಲೆಯಲ್ಲಿ ಅಡುಗೆಯವನಾಗಿದ್ದ. ಡಾಕ್ಟರ ಮಗ ರಿಚರ್ಡನ ವಯಸ್ಸಿನವನೇ. ರಜೆಗೆ ಹಾಸ್ಟೆಲಿನಿಂದ ಬರುವಾಗ ಟ್ರಂಕಿನ ತುಂಬ ರೆಕಾರ್ಡು ತರುತ್ತಿದ್ದ. ಬಂಗಲೆಯ ವರಾಂಡದಲ್ಲಿ ಇಬ್ಬರೂ ಕೂತು ಆ ಗಿಟಾರು, ಆ ಡ್ರಮ್ಮು, ಗಂಟಲು ಹರಿಯುವ ಹಾಗೆ ಹಾಡುವ ಆ ಉದ್ದ ಕೂದಲಿನವರನ್ನು ಕೇಳುತ್ತಿದ್ದರು. ಡಾಕ್ಟರು ದೇಶಕ್ಕೆ ಮರಳುವಾಗ ಸಾಮಾನು ಹೆಚ್ಚಾಗಿ, ಆ್ಯಂಪ್ಲಿಫೈಯರು, ರೆಕಾರ್ಡು ತಿರುಗಿಸುವ ಮಷೀನು, ಮೊಣಕಾಲೆತ್ತರದ ಎರಡು ಸ್ಪೀಕರು, ಆ ಟ್ರಂಕು ಎಲ್ಲವನ್ನೂ ಅಡುಗೆಯವನಿಗೆ ಬಿಟ್ಟು ಹೋದರು. ಅಂದಿನಿಂದ ಇಂದಿನವರೆಗೆ ರಿಚರ್ಡ ಅವನ್ನು ದಿನಾ ಒರೆಸುತ್ತಾನೆ. ಹಿಂದೆ ನೆಲದ ಮೇಲೆ ಕರಿ ಕಬ್ಬಿಣದ ಒಂದು ಡಬ್ಬಿ ಗುಂಯ್ ಅನ್ನುತ್ತ ಕೂತಿರುತ್ತದೆ. ಫ್ರಿಜ್ಜಿಗೆ ಇರುವಂಥದೇ ಸ್ಟೆಬಿಲೈಜರು ಅದು ಎಂದು ಮನೆಯವರೆಲ್ಲ ತಿಳಿದಿದ್ದರು. ಕೇಳಿದವರಿಗೆ ರಿಚರ್ಡ ಕೊಡುತ್ತಿದ್ದ ಉತ್ತರ ಒಂದೇ: "ಮುಟ್ಟಬ್ಯಾಡ್ರಿ."

ಶನಿವಾರ ಸಂಜೆ ಅವನ ಗೆಳೆಯರು ಬರುತ್ತಿದ್ದರು. ಔರಾದದಿಂದ ಮುಜೀಬೋದ್ದೀನ ಬರುತ್ತಿದ್ದ. ಹಿಂದೆ ಬೀದರಿನ ಹಳೆ ಬಸ್ ನಿಲ್ದಾಣದ ಹತ್ತಿರ ವಿಡಿಯೋ ಗೇಮ್ ಪಾರ್ಲರು ಇಟ್ಟಿದ್ದವನು, ಈಗ ಔರಾದದಲ್ಲಿ ಬಳೆ, ಟಿಕಳಿಯ ಅಂಗಡಿ ಇಟ್ಟಿದ್ದಾನೆ. ಹಾಡು ಹಚ್ಚಿ, ಕಣ್ಣು ಮುಚ್ಚಿ, ತಲೆ ಆಡಿಸಿ, "ಹಾಯ್, ಏನ ದಿನಾ ಅವು," ಅನ್ನುತ್ತಿದ್ದರು. ಗಂಡಸರು ಹಳೆಯ ದಿನ ನೆನೆಸುವಾಗ ಅಡುಗೆಮನೆಯಲ್ಲಿ ಯಾರೋ ಒಬ್ಬಳು ಚಹಾ ಸೋಸುತ್ತಿರಲೇಬೇಕು. ಆ ನೆನಪಿನ ಕೋಣೆಯಲ್ಲಿ ಅವಳಿಗೊಂದು ಕುರ್ಚಿ ಮಾತ್ರ ಇರುವುದಿಲ್ಲ. ದೊರ್ಕಾ ಚಹಾ ಸೋಸಿ, ಖಾರಿ ಬಿಸ್ಕೀಟು ಇಟ್ಟು, ಡ್ಯೂಟಿಯ ಬಸ್ಸಿಗೆ ಓಡುತ್ತಿದ್ದಳು.

ಅವಳಿಲ್ಲದ ಮೊದಲ ವಾರ ಮನೆಯಲ್ಲಿ ಒಲೆ ಸರಿಯಾಗಿ ಹೊತ್ತಲಿಲ್ಲ. ರಿಚರ್ಡ ಖಾನಾವಳಿಯಿಂದ ರೊಟ್ಟಿ ತಂದ. ಪ್ರಿಸಿಲ್ಲಾ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಇದು ರೊಟ್ಟಿನೋ ಚಪ್ಪಲಿ ಅಟ್ಟಿನೋ? ನನಗ ಹಲ್ಲ ಎಲ್ಲವೋ, ರಿಚರ್ಡಾ?"

"ಹಾಲಾಗ ನೆನಿಸ್ಕೋ, ಅವ್ವಾ."

"ಹಾಲು ಯಾರ ತಂದಾರ?"

ಹಾಲು ಯಾರೂ ತಂದಿರಲಿಲ್ಲ. ನೋಹ ಎದ್ದು ಹೋಗಿ ತಂದ. ತರುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತ್ತು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವನು ಅವನು. ಈಗ ಏಕನಾಥ ಎಂಬುವನ ಡಿಜೆ ಗಾಡಿಯ ಮೇಲೆ ಕೆಲಸ ಮಾಡುತ್ತಿದ್ದ. ಮದುವೆ, ಮೆರವಣಿಗೆ ಎಲ್ಲಿದ್ದರೂ ಬಾಕ್ಸು ಹೊರುವುದು, ವಾಯರು ಜೋಡಿಸುವುದು, ಜನ ಕುಣಿಯುವವರೆಗೆ ಶಬ್ದ ಏರಿಸುವುದು ಅವನ ಕೆಲಸ. ಹಾಲಿನ ಪಾಕೀಟು ಕಟ್ಟೆಗೆ ಒಗೆದವನು ಕೋಣೆಗೆ ಬಂದು ನೋಡಿದರೆ ಅಪ್ಪ ಹಿಡಿಕೆ ಹಿಡಿದು ಗಾಜಿನೊಳಗಿನ ವಿಮಾನ ಹಾರಿಸುತ್ತಿದ್ದ.

"ಅಪ್ಪಾ, ಅವ್ವ ಮನಿ ಬಿಟ್ಟು ಹೋಗ್ಯಾಳ. ನೀ ವಿಮಾನ ಆಡ್ಲತ್ತಿ."

"ಎಲ್ಲಿ ಹೋಗ್ಯಾಳ? ಡ್ಯೂಟಿಗೆ ಹೋಗ್ಯಾಳ. ಬರ್ತಾಳ."

"ಅಕಿ ಮಂಚ ಮಳಿಗೆ ನೆನಿಲತ್ತದ."

"ನೋಹ, ನನಗ ಬುದ್ಧಿ ಹೇಳಬ್ಯಾಡ. ಮದುವಿ ಮುಂದ ನೀ ಬಾರಿಸ್ತಿಯಲ್ಲ, ಅದು ಹಾಡೇನು? ಮಂದಿ ಗ್ವಾಡಿ ಗಿಲಾವ ಉದರ್ತದ."

"ಉದರ್ಲಿ. ಅದು ಉದರಿದ ರೊಕ್ಕಾದಾಗ ಈ ಮನಿಗೆ ಹಾಲು ಬರ್ತದ. ನಿನ್ನ ಗಿಟಾರದಾಗ ಏನು ಬರ್ತದ?"

"ಗಿಟಾರದಾಗ ನೆನಪ ಬರ್ತದ, ಮಗನಾ. ನಿನಗ ತಿಳಿಯಂಗಿಲ್ಲ. ನಿನಗ ನೆನಪೇ ಇಲ್ಲ."

"ನನ್ನ ನೆನಪಿನ್ಯಾಗ ಅವ್ವ ಒಂದು ದಿನಾನೂ ಪೂರಾ ನಿದ್ದಿ ಮಾಡಿಲ್ಲ. ಅದು ನೆನಪ ಅದ ನನಗ."

ಗಾಜಿನೊಳಗಿನ ವಿಮಾನ ಸಿಡಿದು ಬಿತ್ತು. ರಿಚರ್ಡ ಮತ್ತೆ ಗುಂಡಿ ಒತ್ತಿದ.

ಮರುದಿನ ನೋಹ ಭಾಲ್ಕಿಗೆ ಹೋದ. ವಹೀದಾ ದೊರ್ಕಾಳ ಜೊತೆಗೇ ನರ್ಸು. ಅವಳ ಮನೆಯ ಮೇಲಿನ ಕೋಣೆಗೆ ಹೊರಗಿನಿಂದ ಮೆಟ್ಟಿಲಿದ್ದವು. ವಹೀದಾ ಕೆಳಗೆ ನಿಂತು ಬಟ್ಟೆ ಹಿಂಡುತ್ತಿದ್ದಳು.

"ಅವ್ವನ್ನ ಒಯ್ಲಾಕ ಬಂದಿ ಏನು ಬೇಟಾ? ನಾ ಕೊಡಲ್ಲ ನೋಡು. ಅಕಿ ಬಂದಾಗಿಂದ ನನಗ ಪುಂಡಿಪಲ್ಯ ಸಿಗ್ಲತ್ತದ."

"ಎದ್ದಾಳೇನ್ರಿ, ಖಾಲಾ?"

"ಮಲಗ್ಯಾಳ. ಎಬ್ಬಿಸಿದ್ರ ನಿನ್ನ ಕಾಲ ಮುರಿತೇನಿ. ಕೂಡು ಅಲ್ಲೇ."

ನೋಹ ಮೆಟ್ಟಿಲ ಮೇಲೆ ಕೂತ. ಬಿಸಿಲು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಇಳಿಯುವವರೆಗೆ ಕೂತ. ದೊರ್ಕಾ ಬಾಗಿಲು ತೆಗೆದಾಗ ಅವಳ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಿತ್ತು. ನೆಲದ ಮೇಲೆ ಚಾಪೆ, ಮೂಲೆಯಲ್ಲಿ ಸ್ಟೋವು, ಗೂಟಕ್ಕೆ ಬಿಳಿ ಕೋಟು. ಕಿಟಕಿ ತೆರೆದಿತ್ತು.

"ಉಂಡಿ ಏನು?" ಅವಳ ಮೊದಲ ಮಾತು ಅದೇ.

"ಅವ್ವಾ, ನಡಿ ಮನಿಗೆ."

"ಹೋಗಿ ಎಲ್ಲಿ ಮಲಗ್ಲಿ?"

"ಆ ಮಷೀನ ಒಡದು ಒಲಿಗೆ ಹಾಕ್ತೇನಿ."

"ನಿನಗ ಒಡಿಯೋದು ಬಿಟ್ರ ಬ್ಯಾರೆ ಏನ ಬರ್ತದೋ? ಮಷೀನಿಂದೇನು ತಪ್ಪು?" ದೊರ್ಕಾ ಅವನ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟಳು. "ಮದುವಿ ಆದ ಹೊಸದಾಗಿ ಒಮ್ಮೆ ನನ್ನ ಮುಜೀಬಭಾಯಿ ಪಾರ್ಲರಿಗೆ ಒಯ್ದಿದ್ರು ನಿಮ್ಮಪ್ಪ. ಒಳಗ ಹೆಣ್ಣುಮಕ್ಕಳು ಬರಂಗಿಲ್ಲ ಅಂತ ಬಾಗಿಲದಾಗ ನಿಂದ್ರಿಸಿದ್ರು. ಒಂದು ತಾಸು ನಿಂತೆ. ಹೊರಗ ಬಂದು, 'ನೋಡಿದಿ ಏನು, ನಾ ಹ್ಯಾಂಗ ಗೆದ್ದೆ,' ಅಂದ್ರು. ನನಗ ಅವರ ಬೆನ್ನೇ ಕಾಣಸ್ತಿತ್ತು."

ಅವಳು ನಕ್ಕಳು. ನೋಹ ನಗಲಿಲ್ಲ.

"ಹಾಡು ನನಗೂ ಸೇರ್ತಾವ. ಆ ಗಿಟಾರ ಕೇಳಿಕೋತನೇ ನಿನ್ನ ತೊಟ್ಟಲಾ ತೂಗೀನಿ. ಹಾಡಿನ ಮ್ಯಾಲ ನನಗ ಸಿಟ್ಟಿಲ್ಲ. ನನ್ನ ಕೇಳದೇ ನನ್ನ ಮಂಚ ಎತ್ತಿದ್ರು. ಎತ್ತಿದವರೇ ಇಡ್ಲಿ. ಇಟ್ಟು, ಬಂದು, 'ಬಾ' ಅನ್ಲಿ. ನಾ ಬರ್ತೇನಿ. ಇಷ್ಟೇ ಹೇಳು ನಿಮ್ಮಪ್ಪಗ."

"ಅಷ್ಟೇನಾ?"

"ಅಷ್ಟೇ. ಅದು ಅವರಿಗೆ ಭಾಳ ಆಗ್ತದ, ನೋಡು ಬೇಕಾದ್ರ."

ಹೊರಡುವಾಗ ಒಂದು ಡಬ್ಬಿಯಲ್ಲಿ ಶೇಂಗಾ ಹಿಂಡಿ ತುಂಬಿ ಕೊಟ್ಟಳು. ಮನೆಯಲ್ಲಿ ರಿಚರ್ಡ ಡಬ್ಬಿ ತೆರೆದು, ಖಾನಾವಳಿ ರೊಟ್ಟಿಗೆ ಹಿಂಡಿ ಹಚ್ಚಿ ಬಾಯಿಗಿಟ್ಟು ಕಣ್ಣರಳಿಸಿದ.

"ಹಿಂಡಿ ಕಳಿಸ್ಯಾಳ ಅಂದ್ರ ಸಿಟ್ಟು ಇಳದದ. ಪ್ರಾರ್ಥನಾ ದಿನ ತಾನೇ ಬರ್ತಾಳ ತಗೋ."

ನೌಬಾದದ ಚರ್ಚಿನ ಸಭೆಯವರಲ್ಲಿ ಮನೆಮನೆಗೆ ಸರದಿಯ ಮೇಲೆ ಪ್ರಾರ್ಥನೆ ನಡೆಯುತ್ತದೆ. ಈ ಸಲದ ಸರದಿ ಇವರ ಮನೆಯದು. ಸ್ತ್ರೀ ಸಮಾಜದಲ್ಲಿ ಹೆಸರು ಕೊಟ್ಟು ಬಂದವಳು ದೊರ್ಕಾಳೇ. ಮನೆಯೊಡತಿ ಇಲ್ಲದೆ ಹತ್ತು ಮನೆಯ ಜನ ಬಂದು ಕೂತರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಪ್ರಾರ್ಥನೆ ಅರ್ಧ ಮುಗಿಯುವಷ್ಟರಲ್ಲಿ ಸುದ್ದಿ ಆಚೆ ಊರು ಬಗದಲ್ ಮುಟ್ಟುತ್ತದೆ.

"ತಾನೇ ಬರಲ್ಲ," ನೋಹ ಹೇಳಿದ. "ನೀ ಮಂಚ ಇಡಬೇಕಂತ. ಇಟ್ಟು ಹೋಗಿ ಕರೀಬೇಕಂತ."

"ಮಂಚ ಇಟ್ರ ಮಷೀನ ಎಲ್ಲಿ ಇಡ್ಲಿ? ತಲಿ ಮ್ಯಾಲೇನು? ಅಂಗಳದಾಗ ಇಟ್ರ ಮಳಿಗೆ ಹಾಳಾಗ್ತದ."

"ಮಂಚ ಹಾಳಾಗಲ್ಲೇನು?"

"ಅದು ಕಬ್ಬಿಣದ್ದು."

ಪ್ರಿಸಿಲ್ಲಾ ತನ್ನ ತಟ್ಟೆಯಿಂದ ತಲೆ ಎತ್ತಿದಳು. "ಅಕಿನೂ ಕಬ್ಬಿಣದಕಿ ಏನೋ?"

ರಿಚರ್ಡ ಇನ್ನೊಂದು ತುತ್ತಿಗೆ ಹಿಂಡಿ ಹಚ್ಚಿದ.

ಪ್ರಾರ್ಥನೆಯ ದಿನ ಹತ್ತಿರ ಬಂತು. ಒಂದು ಬೆಳಗ್ಗೆ ರಿಚರ್ಡ ಗೇಮಿನ ಹಿಡಿಕೆಗೆ ಯಾವುದೋ ಸ್ಪ್ರಿಂಗು ಬೇಕೆಂದು ಊರೊಳಗೆ ಹೋದ. ಅವನು ತಿರುವಿನಲ್ಲಿ ಮರೆಯಾದದ್ದೇ ತಡ, ನೋಹ ಏಕನಾಥನಿಗೆ ಫೋನು ಹಚ್ಚಿದ. ಡಿಜೆ ಬಾಕ್ಸು ಇಳಿಸಿದ ಖಾಲಿ ಪಿಕಪ್ಪು ಅಂಗಳದ ಮುಂದೆ ಬಂದು ನಿಂತಿತು.

"ಅಪ್ಪಗ ಕೇಳಿದಿ ಏನಲೇ?" ಏಕನಾಥ ಮಷೀನಿನ ಸುತ್ತ ಒಂದು ಸುತ್ತು ಬಂದು ಕೇಳಿದ.

"ಅವ ನಮ್ಮವ್ವಗ ಕೇಳಿದ್ನೇನು? ಹಿಡಿ ಆ ಕಡಿ."

ಇನ್ನಿಬ್ಬರು ಹುಡುಗರನ್ನು ಕರೆದು ನಾಲ್ಕು ಜನ ಸೇರಿ ಮಷೀನು ಎತ್ತಿದರು. ಪ್ರಿಸಿಲ್ಲಾ ಕೋಲೂರಿ ಬಾಗಿಲಿಗೆ ಬಂದು ನಿಂತಳು.

"ಏನ ಒಯ್ಲತ್ತೀರೋ?"

"ಮಷೀನ, ಆಯಿ. ಔರಾದಕ್ಕ ವಾಪಸ್."

"ಒಯ್ರಿ, ಒಯ್ರಿ, ಪುಣ್ಯ ಬರ್ತದ. ಆ ಒದರೋ ಪೆಟ್ಟಿಗಿನೂ ಒಯ್ರಿ. ಅದರಾಗಿನಾಂವ ಯಾಕ ಹಂಗ ಒದರ್ತಾನೋ, ಹೊಟ್ಟಿ ಕಡಿತದೇನೋ ಅವಗ."

ಮುದುಕಿ ಹೇಳಿದ್ದು ನಗೆಗೆ. ನೋಹನ ತಲೆಯಲ್ಲಿ ಅದು ಹುಕುಮಾಗಿ ಕೂತಿತು. ಮಷೀನು ಹೋದರೂ ಶನಿವಾರದ ಗಂಡಸರು ಹೋಗುವುದಿಲ್ಲ. ಚಹಾ ನಿಲ್ಲುವುದಿಲ್ಲ. ಅವನು ಆ್ಯಂಪ್ಲಿಫೈಯರು, ರೆಕಾರ್ಡಿನ ಮಷೀನು, ಸ್ಪೀಕರು ಎಲ್ಲದರ ವಾಯರು ಕಿತ್ತು ಗಾಡಿಗೆ ಏರಿಸಿದ. ಕರಿ ಡಬ್ಬಿ ಕೈಗೆ ಭಾರವಾಯಿತು. "ಸ್ಟೆಬಿಲೈಜರ ಇಲ್ಲೇ ಇರ್ಲಿ, ಫ್ರಿಜ್ಜಿಗಾಗ್ತದ," ಅಂದು ಕಾಲಿನಿಂದ ಮೂಲೆಗೆ ಸರಿಸಿದ. ಹೊರಡುವ ಮೊದಲು ಮಂಚ ಒಳಗೆ ತಂದು, ಒರೆಸಿ, ಕಿಟಕಿಯ ಕೆಳಗೆ ಇಟ್ಟು, ಬಿಸಿಲಿಗೆ ಹಾಕಿದ್ದ ಗಾದಿ ಹಾಸಿದ.

ಔರಾದದಲ್ಲಿ ಮುಜೀಬೋದ್ದೀನ ಬಳೆ ಅಂಗಡಿಯ ಹಿಂದಿನ ಗೋದಾಮು ತೆರೆಯುತ್ತ ಗಾಡಿಯ ಕಡೆ ನೋಡಿ ನಿಂತುಬಿಟ್ಟ.

"ಗೇಮ ವಾಪಸ್ ಕಳಿಸಿದ, ಅದು ಠೀಕ. ಆ್ಯಂಪ್ಲಿಫೈಯರ ಯಾಕ ಬಂತು?"

"ಅಪ್ಪನೇ ಕಳಿಸ್ಯಾನ, ಚಾಚಾ. ಮನಿದಾಗ ಜಾಗಾ ಇಲ್ಲ."

"ರಿಚರ್ಡ ಇದು ಕಳಿಸಿದ? ಅವ ತನ್ನ ಜಾನ ಕಳಿಸ್ತಾನ, ಇದು ಕಳಿಸಲ್ಲ ಬೇಟಾ. ಜರಾ ನಿಂದ್ರು, ಫೋನ ಹಚ್ಚತೇನಿ."

ಅವನು ಫೋನಿಗಾಗಿ ಅಂಗಡಿಯೊಳಗೆ ಹೋದ. ಏಕನಾಥ ಆ್ಯಂಪ್ಲಿಫೈಯರಿನ ಬೆಳ್ಳಿಬಣ್ಣದ ಮುಖ, ಅದರ ಗಾಜಿನ ಹಿಂದಿನ ಮುಳ್ಳುಗಳನ್ನು ನೋಡುತ್ತಿದ್ದ.

"ಇಂಥಾದು ನಾ ನೋಡೇ ಇಲ್ಲಲೇ. ಚಾಲೂ ಆಗ್ತದೇನು?"

"ಯಾಕ ಆಗಲ್ಲ?"

"ಇದರ ಪಿನ್ನ ಬ್ಯಾರೇನೇ ಅದ, ಚಪ್ಪಟ."

"ದಿನಾ ಎಂಥೆಂಥಾ ಲೋಡ ನಡಸ್ತೇವಿ, ಇದೊಂದು ಡಬ್ಬಿ ನಡಸ್ಲಾಕ ಬರಲ್ಲೇನು ನನಗ?"

ಗಾಡಿಯಲ್ಲಿ ಎಲ್ಲ ನಮೂನೆಯ ಪ್ಲಗ್ಗು ಇದ್ದವು. ಚಪ್ಪಟೆ ಪಿನ್ನು ಹಿಡಿಯುವಂಥದೊಂದು ಹುಡುಕಿ, ಗೋದಾಮಿನ ಗೋಡೆಗೆ ಚುಚ್ಚಿ ಗುಂಡಿ ಒತ್ತಿದ. ಗಾಜಿನ ಹಿಂದೆ ದೀಪ ಹತ್ತಿತು. ಮನೆಯಲ್ಲಿ ಎಂದೂ ಅಷ್ಟು ಬೆಳಗಿರಲಿಲ್ಲ. ಏಕನಾಥ "ಭಾರೀ!" ಅಂದ. ಆ ಮಾತು ಮುಗಿಯುವ ಮೊದಲೇ ಒಳಗೆ ಏನೋ ಟಪ್ ಅಂದಿತು. ಮೇಲಿನ ಜಾಲರಿಯಿಂದ ಹೊಗೆ ಬಂತು. ಸುಟ್ಟ ಮೇಣ, ಸುಟ್ಟ ರಬ್ಬರಿನ ವಾಸನೆ ಬಳೆ ಅಂಗಡಿಯ ತನಕ ಹರಡಿತು.

ಮುಜೀಬೋದ್ದೀನ ಕಿವಿಗೆ ಫೋನು ಹಿಡಿದುಕೊಂಡೇ ಓಡಿ ಬಂದ. ನೋಡಿದ.

"ಕಾಲಾ ಡಬ್ಬಾ ಎಲ್ಲದ?"

"ಸ್ಟೆಬಿಲೈಜರೇನು? ಮನಿದಾಗ ಅದ."

"ಸ್ಟೆಬಿಲೈಜರ ಅಲ್ಲೋ! ಇದು ಅಮೆರಿಕಾದ್ದು. ಅವರ ಕರೆಂಟ ನಮ್ಮದರ ಅರ್ಧಾ. ಆ ಡಬ್ಬಾ ನಮ್ಮ ಕರೆಂಟ ಅರ್ಧಾ ಮಾಡಿ ಇದಕ್ಕ ಕೊಡ್ತಿತ್ತು. ಇಷ್ಟ ವರ್ಷ ಮನಿದಾಗ ಇದ್ದು ನಿಮ್ಮಪ್ಪ ನಿನಗ ಹೇಳಿಲ್ಲೇನು?" ಆಮೇಲೆ ಫೋನಿಗೆ ಮೆಲ್ಲಗೆ ಹೇಳಿದ: "ರಿಚರ್ಡ, ಕೇಳಿದಿ ಏನಪಾ? ಸೀದಾ ಹಚ್ಚ್ಯಾರ. ಖಲಾಸ್."

ಆ ಕಡೆಯಿಂದ ಫೋನು ಕಟ್ಟಾಯಿತು.

ನೋಹ ಗೇಮಿನ ಮಷೀನು ಗೋದಾಮಿನಲ್ಲಿ ಬಿಟ್ಟು, ಉಳಿದದ್ದನ್ನು ಮನೆಗೆ ವಾಪಸ್ ತಂದ. ರಿಚರ್ಡ ಹೊಡೆಯಲಿಲ್ಲ. ಆ್ಯಂಪ್ಲಿಫೈಯರನ್ನು ತೊಡೆಯ ಮೇಲೆ ಇಟ್ಟುಕೊಂಡು, ಜಾಲರಿಗೆ ಮೂಗು ಹಚ್ಚಿ ವಾಸನೆ ನೋಡಿದ.

"ಒಂಬತ್ತನೇದಾಗ ಸಾಲಿ ಬಿಟ್ಟಾವ," ಅಂದ. "ಕರೆಂಟ ಅಂದ್ರೇನು ಗೊತ್ತಿಲ್ಲ, ವಾಯರ ಕೀಳ್ತಾನ."

"ನೀ ಹೇಳಿಕೊಟ್ಟಿ ಏನು? ಹುಟ್ಟಿದಾಗಿಂದ ನಿನ್ನ ಬಾಯಿಲೆ ಒಂದೇ ಮಾತು ಕೇಳೀನಿ. ಮುಟ್ಟಬ್ಯಾಡ, ಮುಟ್ಟಬ್ಯಾಡ, ಮುಟ್ಟಬ್ಯಾಡ. ಮುಟ್ಟಾಕ ಕೊಟ್ಟಿದ್ರ ತಿಳೀತಿತ್ತು."

"ಕಳ್ಳನಂಗ ಒಯ್ದು ನನಗೇ ಮಾತಾಡ್ತಿ?"

"ಅವ್ವನ ಸಲುವಾಗಿ ಒಯ್ದೀನಿ!"

"ಹಂಗಾರ ಅವ್ವನ್ನೇ ಕರಕೊಂಡು ಕುಣಿ, ಹೋಗು."

ಅಲ್ಲಿಂದ ಮುಂದೆ ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಪ್ರಿಸಿಲ್ಲಾ ನಡುವೆ ಕೂತು, "ಅವಗ ಹೇಳು, ಒಲಿ ಹಚ್ಚಂತ," "ಇ‍ವಗ ಹೇಳು, ನೀರ ಬಂದಾವಂತ," ಎಂದು ಇಬ್ಬರೂ ಹೇಳಿ ಕಳಿಸಿದ ಸುದ್ದಿ ಮುಟ್ಟಿಸಿ ಮುಟ್ಟಿಸಿ ಸೋತಳು. ನೋಹ ಮಾಳಿಗೆಗೆ ಹೋಗಿ ಅವ್ವನಿಗೆ ಫೋನು ಮಾಡಿದ.

"ಖೋಲಿ ಖಾಲಿ ಆಗ್ಯದವ್ವಾ. ಮಂಚ ಜಾಗದಾಗ ಅದ. ಬಾ."

"ಖರೇನಾ? ಅವರೇ ಇಟ್ಟರೇನು?"

"ಹೂಂ," ಅಂದ ನೋಹ. "ಅಪ್ಪನೇ ಇಟ್ಟಾನ."

"ಕರೀಲಾಕ ಬರಲ್ಲೇನು?"

"ನಾಚಿಗಿ ಅವಗ. ಪ್ರಾರ್ಥನಾ ದಿನ ಬಾ ಅಂದಾನ."

"ಬರ್ತೇನಿ ಅಂತ ಹೇಳು," ಅಂದಳು ದೊರ್ಕಾ. ಅವಳ ದನಿಯಲ್ಲಿ ನಗು ಇತ್ತು.

ಪ್ರಾರ್ಥನೆಯ ದಿನ ಮಧ್ಯಾಹ್ನವೇ ಬಂದಳು. ದೊಡ್ಡ ಚೀಲ ತುಂಬಿಕೊಂಡೇ ಬಂದಳು. ಬಾಗಿಲಲ್ಲಿ ನಿಂತು ಕಿಟಕಿಯ ಕೆಳಗಿನ ಮಂಚ ನೋಡಿದಳು. ಹತ್ತಿರ ಹೋಗಿ ಗಾದಿಯ ಮೇಲೆ ಅಂಗೈ ಒತ್ತಿದಳು. ಆಮೇಲೆ ಸೆರಗು ಸಿಕ್ಕಿಸಿ, ಕಸ ಹೊಡೆದು, ಜಮಖಾನ ಹಾಸಿ, ರವೆ ಹುರಿಯಲು ಕೂತಳು. ರಿಚರ್ಡ ಹೊರಗೆ ಹೋಗಿದ್ದ.

"ಅತ್ತಿ, ನೋಡ್ರಿ, ನಿಮ್ಮ ಮಗ ಕಡೀಕೆ ಮಂಚ ಇಟ್ಟರಲ್ಲ," ಅಂದಳು ಸೌಟು ತಿರುವುತ್ತ.

"ಯಾರು, ರಿಚರ್ಡನಾ?" ಪ್ರಿಸಿಲ್ಲಾ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಅವ ಎಲ್ಲಿ ಇಟ್ಟ? ಮಗ ಇಟ್ಟಾನ. ಆ ಮಷೀನ ಎತ್ತಿಸಿ ಆ ಜಾಗದಾಗ ಮಂಚ ಇಟ್ಟಾನ, ಅಪ್ಪನ ಹಾಡಿನ ಪೆಟ್ಟಿಗಿನೂ ಒಯ್ದು ಸುಟ್ಟು ತಂದಾನ. ರಿಚರ್ಡ ಅವತ್ತಿಂದ ಬಾಯಿ ಬಿಟ್ಟಿಲ್ಲ. ಇಬ್ಬರ ನಡುವ ನಾ ಅಂಚಿ ಹಂಚೋ ಪೋಸ್ಟಮನ್ ಆಗೀನಿ."

ದೊರ್ಕಾಳ ಕೈ ನಿಂತಿತು. ರವೆಯ ತಳ ಹತ್ತಿದ ವಾಸನೆ ಬಂದಾಗ ಬಾಣಲೆ ಇಳಿಸಿದಳು.

ರಿಚರ್ಡ ಬಂದಾಗ ಅವಳೇ ಅಂಗಳಕ್ಕೆ ಹೋದಳು.

"ಕೇಳ್ರಿ. ಮಂಚ ಯಾರ ಇಟ್ಟರು?"

"ನಿನ್ನ ಮಗನ್ನ ಕೇಳು. ನಿನ್ನ ಸಲುವಾಗಿ ನನ್ನ ಪೆಟ್ಟಿಗಿ ಸುಟ್ಟಾನ. ಈಗ ಸಮಾಧಾನ ಆಯ್ತೇನು?"

"ನಾ ಸುಡು ಅಂದೆನೇನ್ರಿ?"

"ನೀ ಮನಿ ಬಿಟ್ಟು ಹೋಗಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು."

ದೊರ್ಕಾ ಅವನ ಮುಖ ನೋಡಿದಳು. ಇನ್ನೊಂದು ಮಾತು ಬರುತ್ತದೇನೋ ಎಂದು ಕಾದಳು. ರಸ್ತೆಯಲ್ಲಿ ಹಾಡಿನ ಪುಸ್ತಕ ಹಿಡಿದ ಹೆಂಗಸರು ಕಾಣಿಸಿದರು. "ವಂದನೆ ಅಕ್ಕಾ!" ಎಂದು ದೂರದಿಂದಲೇ ಕೂಗಿದರು. "ವಂದನೆ, ಬರ್ರಿ, ಒಳಗ ಬರ್ರಿ," ಎಂದು ದೊರ್ಕಾ ಸೆರಗು ತಲೆಯ ಮೇಲೆ ಎಳೆದುಕೊಂಡಳು.

ಕೋಣೆ ತುಂಬಿತು. ಮಂಚದ ಮೇಲೆ ಮುದುಕಿಯರು, ಜಮಖಾನದ ಮೇಲೆ ಉಳಿದವರು. ಹಾಡು ಹೇಳಿದರು, ಬೈಬಲ್ಲಿನ ವಚನ ಓದಿದರು. ಪಾಸ್ಟರ್ ಅಮಿತಕುಮಾರ ಈ ವರ್ಷವಷ್ಟೇ ವರ್ಗವಾಗಿ ಬಂದ ಎಳೆ ವಯಸ್ಸಿನವರು. ಪದ್ಧತಿಯಂತೆ ಪುಸ್ತಕ ಮುಚ್ಚಿ ಕೇಳಿದರು.

"ಈ ಮನಿಯವರು ಯಾವುದಕ್ಕ ಪ್ರಾರ್ಥನೆ ಬೇಕು, ದೇವರು ಮಾಡಿದ ಯಾವ ಉಪಕಾರಕ್ಕ ಸ್ತೋತ್ರ ಹೇಳ್ತೀರಿ, ಹೇಳ್ರಿ."

"ನನ್ನ ಮೊಣಕಾಲು," ಪ್ರಿಸಿಲ್ಲಾ ಕೂಡಲೇ ಹೇಳಿದಳು. "ಹೋದ ಸಲಾನೂ ಇದೇ ಹೇಳಿದ್ದೆ. ದೇವರಿಗೆ ಜರಾ ನೆನಪ ಮಾಡ್ರಿ."

ಎಲ್ಲರೂ ನಕ್ಕರು. ರಿಚರ್ಡ ಕೈ ಕಟ್ಟಿ, "ಮನಿ ಶಾಂತಿ ಸಲುವಾಗಿ ಪ್ರಾರ್ಥನೆ ಮಾಡ್ರಿ," ಅಂದ. ನೋಹ ನೆಲ ನೋಡುತ್ತ ಏನೂ ಬೇಡವೆಂದು ತಲೆಯಾಡಿಸಿದ.

"ಅಕ್ಕನವರು?"

ದೊರ್ಕಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನನ್ನದು ಸ್ತೋತ್ರ ಅದರಿ," ಅಂದಳು. "ಭಾಲ್ಕಿದಾಗ ದೇವರು ನನಗ ಒಂದು ಖೋಲಿ ಕೊಟ್ಟಾನ. ಕಿಡಕಿ ಅದ, ಗಾಳಿ ಬರ್ತದ. ಹಗಲು ನಿದ್ದಿ ಹತ್ತತದ. ಇನ್ನ ಮುಂದ ಅಲ್ಲೇ ಇರ್ತೇನಿ. ಅದಕ್ಕ ಸ್ತೋತ್ರ."

"ಆಮೆನ್," ಅಂದರು ಅರ್ಧ ಜನ, ರೂಢಿಯಂತೆ. ಉಳಿದ ಅರ್ಧ ಜನ ಬಾಯಿ ತೆರೆದವರು ಹಾಗೇ ಉಳಿದರು. ಮಂಚದ ಮೇಲಿನ ಮುದುಕಿಯೊಬ್ಬಳು ಪಕ್ಕದವಳಿಗೆ ಮೊಣಕೈ ತಾಗಿಸಿದಳು. ಪಾಸ್ಟರ್ ಒಮ್ಮೆ ರಿಚರ್ಡನನ್ನು, ಒಮ್ಮೆ ದೊರ್ಕಾಳನ್ನು ನೋಡಿ ಕಣ್ಣು ಮುಚ್ಚಿದರು. ಮೊಣಕಾಲಿಗೆ ಪ್ರಾರ್ಥಿಸಿದರು. ಶಾಂತಿಗೆ ಪ್ರಾರ್ಥಿಸಿದರು. ಬಹಳ ಹೊತ್ತು ತಡವರಿಸಿ, ಅಕ್ಕನ ಆ ಕೋಣೆಯನ್ನೂ ಆಶೀರ್ವದಿಸು ಅಂದರು.

ಉಪ್ಪಿಟ್ಟು, ಚಹಾ ಕೊಟ್ಟಳು. ಎಲ್ಲರನ್ನೂ ಬಾಗಿಲ ತನಕ ಹೋಗಿ ಕಳಿಸಿದಳು. ಕೊನೆಯವರು ಹೋದ ಮೇಲೆ ಬಿಚ್ಚದೇ ಇಟ್ಟಿದ್ದ ಚೀಲ ಎತ್ತಿಕೊಂಡಳು. ನೋಹ ಅಡ್ಡ ನಿಂತ.

"ಅವ್ವಾ, ನಿನ್ನ ಸಲುವಾಗಿ ಎಲ್ಲಾ ಖಾಲಿ ಮಾಡೀನಿ ನಾ!"

"ನನ್ನ ಕೇಳಿ ಮಾಡಿದಿ ಏನು?"

"ನಿನಗ ಒಳ್ಳೇದಾಗ್ಲಿ ಅಂತ..."

"ಅವರು ಕೇಳದೇ ತಂದ್ರು. ನೀ ಕೇಳದೇ ಒಯ್ದಿ. ಮ್ಯಾಲ ಸುಳ್ಳೂ ಹೇಳಿ ಕರಿಸಿದಿ. ನಿಮ್ಮಪ್ಪ ಸುಳ್ಳು ಹೇಳಲ್ಲ, ಅದೊಂದರಾಗ ನೀ ಅವರನ್ನ ದಾಟಿ ಹೋದಿ." ಅವಳ ದನಿ ಏರಲಿಲ್ಲ. "ಸರಿ, ಬಸ್ಸಿಗೆ ಹೊತ್ತಾಗ್ತದ."

ನೋಹ ಚೀಲ ಇಸಿದುಕೊಂಡು ಬಸ್ ಸ್ಟಾಪಿನ ತನಕ ಹಿಂದೆ ಹಿಂದೆ ನಡೆದ. ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಬಸ್ಸು ಹೊರಟಾಗ, "ಆಯಿಗೆ ರೊಟ್ಟಿ ನೆನಿಸಿ ಕೊಡು. ಉಪವಾಸ ಕೆಡವಬ್ಯಾಡ್ರಿ ಅಕಿನ್ನ," ಎಂದಳು.

ಅವನು ಮನೆಗೆ ಬಂದಾಗ ರಿಚರ್ಡ ಬಚ್ಚಲಿನ ಕಲ್ಲಿನ ಮುಂದೆ ಪ್ಯಾಂಟು ಮಡಚಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಮುಂದೆ ಇಡೀ ಸಭೆ ತಿಂದು ಕುಡಿದ ತಟ್ಟೆ, ಲೋಟಗಳ ಗುಡ್ಡೆ. ಒಂದು ಲೋಟ ಕೈಯಲ್ಲಿ ಹಿಡಿದು ಅತ್ತಿತ್ತ ನೋಡುತ್ತಿದ್ದ. ಎಷ್ಟೋ ದಿನಗಳ ಮೇಲೆ ಮಗನನ್ನು ಮಾತಾಡಿಸಿದ.

"ಭಾಂಡಿ ತಿಕ್ಕೋ ಸಾಬೂನ ಎಲ್ಲದ?"

"ನನಗೇನ ಗೊತ್ತು?"

"ಅವ್ವಾ, ಸಾಬೂನ ಎಲ್ಲದ?"

"ನಾ ಭಾಂಡಿ ಮುಟ್ಟಿ ಎಷ್ಟ ವರ್ಷ ಆಯ್ತೋ," ಪ್ರಿಸಿಲ್ಲಾ ಒಳಗಿನಿಂದ ಹೇಳಿದಳು. "ಅಕಿಗೇ ಗೊತ್ತು."

ಗೂಡು ನೋಡಿದರು, ಒಲೆಯ ಹಿಂದೆ ನೋಡಿದರು, ಕಿಟಕಿಯ ಮೇಲೆ ನೋಡಿದರು. ಕಡೆಗೆ ನೋಹ ಫೋನು ಹಚ್ಚಿದ. ಬಸ್ಸಿನ ಸದ್ದಿನ ನಡುವೆ ದೊರ್ಕಾ, "ಏನೋ?" ಅಂದಳು.

"ಅಪ್ಪ ಕೇಳ್ಲತ್ತಾನ..."

"ಅವರಿಗೇ ಕೊಡು."

ನೋಹ ಫೋನನ್ನು ಅಪ್ಪನ ಕಿವಿಗೆ ಹಿಡಿದ. ರಿಚರ್ಡ ಒದ್ದೆ ಕೈ ಮೇಲೆತ್ತಿಕೊಂಡು, ಗಂಟಲು ಸರಿ ಮಾಡಿಕೊಂಡ. ಏನು ಹೇಳಬೇಕೆಂದು ಅವನಿಗೂ ಗೊತ್ತಿತ್ತು. ಮಗ ನೋಡುತ್ತಿದ್ದ. ಒಳಗೆ ತಾಯಿ ಕೆಮ್ಮುವುದನ್ನೂ ತಡೆದು ಕೇಳುತ್ತಿದ್ದಳು.

"ದೊರ್ಕಾ," ಅಂದ. "ಸಾಬೂನ ಎಲ್ಲಿ ಇಟ್ಟೀದಿ?"

"ಹುಡುಕ್ರಿ," ಎಂದು ಅವಳು ಫೋನು ಇಟ್ಟಳು.